60 ಸೆಕೆಂಡ್ ಎಣಿಸಿ ಆಫ್ ಆಗುವ ಕಂಪ್ಯೂಟರ್: ಮದರ್‌ಬೋರ್ಡ್ ಬದಲಿಸುವ ಮೊದಲು

ಪ್ರಶ್ನೆ: ನಾನು ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಈಗ ನಿವೃತ್ತಿಯಾಗಿದೆ. ಮನೆ ಡೊಂಬಿವಲಿಯಲ್ಲಿ. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗಳ ಫೈಲುಗಳೆಲ್ಲ ಮನೆಯ ಹಳೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿವೆ. ಎಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಹಾರ್ಡ್ ಡಿಸ್ಕ್ 80 ಜಿಬಿ. ಕಂಪ್ಯೂಟರ್ ನಿಧಾನವಾಯಿತೆಂದು ಹೋದ ತಿಂಗಳು ಒಬ್ಬ ಹುಡುಗ ಬಂದು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ, ನನ್ನ ಹತ್ತಿರ ಇದ್ದ ಹಳೆಯ ವಿಂಡೋಸ್ ಎಕ್ಸ್‌ಪಿ ಸಿಡಿಯನ್ನೇ ಮತ್ತೆ ಹಾಕಿಕೊಟ್ಟ. ಅವತ್ತಿನಿಂದ ಶುರು. ಆನ್ ಮಾಡಿ ಸ್ವಲ್ಪ ಹೊತ್ತಿಗೆ ಒಂದು ಬಾಕ್ಸ್ ಬರುತ್ತದೆ. ಅದರಲ್ಲಿ 'ಎನ್‌ಟಿ ಅಥಾರಿಟಿ', 'ರಿಮೋಟ್ ಪ್ರೊಸೀಜರ್ ಕಾಲ್' ಎಂದೆಲ್ಲ ಇರುತ್ತದೆ. 60ರಿಂದ ಕೆಳಕ್ಕೆ ಎಣಿಸುತ್ತದೆ, ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಇಂಟರ್ನೆಟ್ ಕೇಬಲ್‌ವಾಲಾನದು, ತಂತಿ ನೇರ ಕಂಪ್ಯೂಟರಿಗೇ ಚುಚ್ಚಿದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅನ್ನುತ್ತಾರೆ. ನನ್ನ ಫೈಲುಗಳು ಉಳಿಯುತ್ತವೆಯೇ?

ಉತ್ತರ: ಟೀಚರ್, ಫೈಲುಗಳಿಗೆ ಏನೂ ಆಗಿರುವ ಸಂಭವವಿಲ್ಲ. ಮದರ್‌ಬೋರ್ಡಿಗೆ ದುಡ್ಡು ಕೊಡಬೇಡಿ. ಈಗ ಮಾಡಬೇಕಾದದ್ದು ಒಂದೇ. ಕಂಪ್ಯೂಟರಿನ ಹಿಂದೆ ಚುಚ್ಚಿರುವ ಇಂಟರ್ನೆಟ್ ತಂತಿಯನ್ನು ಕಿತ್ತುಬಿಡಿ. ಕಿತ್ತು, ಒಂದು ಸಲ ರೀಸ್ಟಾರ್ಟ್ ಮಾಡಿ, ಒಂದೆರಡು ಗಂಟೆ ಸುಮ್ನೆ ಆನ್ ಇಟ್ಟು ನೋಡಿ. ಆ ಬಾಕ್ಸ್ ಬರದಿದ್ದರೆ ಕಾಯಿಲೆ ಹೊರಗಿನಿಂದ ಬರುತ್ತಿದೆ ಎಂದು ಖಾತ್ರಿಯಾಯಿತು.

ಕಂಪ್ಯೂಟರ್ ತಾನಾಗಿ ಆಫ್ ಆಗುವುದಕ್ಕೆ ಕಾರಣ ಹಲವು ಇವೆ, ನಿಜ. ಆದರೆ ಒಂದೊಂದರ ಲಕ್ಷಣ ಬೇರೆ. ಪ್ರೊಸೆಸರ್ ಮೇಲಿನ ಫ್ಯಾನಿಗೆ ಧೂಳು ತುಂಬಿ ಬಿಸಿ ಜಾಸ್ತಿಯಾದರೆ ಯಾವ ಸೂಚನೆಯೂ ಇಲ್ಲದೆ ಪರದೆ ಕಪ್ಪಾಗುತ್ತದೆ. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಸೋತರೂ ಹಾಗೆಯೇ. ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿದ್ದರೆ ಕೆಲವೊಮ್ಮೆ ಆನ್ ಆಗುವುದೇ ಕಷ್ಟ. ರ್‍ಯಾಮ್ ಅಥವಾ ಡ್ರೈವರ್ ಕೆಟ್ಟಿದ್ದರೆ ನೀಲಿ ಪರದೆ ಬರುತ್ತದೆ. ಕೆಟ್ಟ ಮದರ್‌ಬೋರ್ಡ್ ಯಾವತ್ತೂ ಇಂಗ್ಲಿಷಿನಲ್ಲಿ ಕಾರಣ ಬರೆದು, 60 ಸೆಕೆಂಡ್ ಸಮಯ ಕೊಟ್ಟು, ನಿಮ್ಮ ಕೆಲಸ ಸೇವ್ ಮಾಡಿಕೊಳ್ಳಿ ಎಂದು ಹೇಳಿ ಹೋಗುವುದಿಲ್ಲ. ಹಾಗೆ ಹೇಳುತ್ತಿರುವುದು ವಿಂಡೋಸ್. ಬಾಕ್ಸಿನಲ್ಲಿ ಏನು ಬರೆದಿದೆ ಎಂದು ಅಂಗಡಿಯವರು ಓದಿದ್ದರೆ ಸಾಕಿತ್ತು.

ನೀವು ಬರೆದ ಆ ಎರಡು ಮಾತು ಕಂಡ ಕೂಡಲೇ ನನಗೆ ನೆನಪಾದದ್ದು ಬ್ಲಾಸ್ಟರ್. 2003ರ ಆಗಸ್ಟ್ 11ರಂದು ಕಾಣಿಸಿಕೊಂಡ ಹುಳ ಅದು, ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿ ಹರಡುವ ಪ್ರೋಗ್ರಾಮ್. ವೈರಸ್ ಬರಬೇಕಾದರೆ ನಾವು ಏನಾದರೂ ಫೈಲ್ ತೆರೆಯಬೇಕು, ಮೇಲ್ ಒತ್ತಬೇಕು. ಈ ಬಗೆಯ ಹುಳಕ್ಕೆ ಅದೇನೂ ಬೇಡ. ಕಂಪ್ಯೂಟರ್ ಆನ್ ಇದ್ದು ನೆಟ್‌ವರ್ಕಿನಲ್ಲಿ ಇದ್ದರೆ ಸಾಕು. ಆದ್ದರಿಂದ 'ನಾನು ಯಾವ ಕೆಟ್ಟ ಸೈಟಿಗೂ ಹೋಗಿಲ್ಲ' ಎಂದು ನೀವು ಮುಜುಗರ ಪಡಬೇಕಾಗಿಲ್ಲ. ಹೋಗಬೇಕಾಗಿಯೇ ಇಲ್ಲ.

ಅದು ಕೆಲಸ ಮಾಡುವ ರೀತಿ ಸ್ವಲ್ಪ ತಿಳಿದಿದ್ದರೆ ಮುಂದೆ ನಾನು ಹೇಳುವ ಕ್ರಮ ಯಾಕೆ ಹಾಗೆ ಎಂದು ಅರ್ಥವಾಗುತ್ತದೆ. ವಿಂಡೋಸ್‌ನಲ್ಲಿ ರಿಮೋಟ್ ಪ್ರೊಸೀಜರ್ ಕಾಲ್, ಚಿಕ್ಕದಾಗಿ ಆರ್‌ಪಿಸಿ, ಎನ್ನುವ ಒಂದು ಸರ್ವಿಸ್ ಇದೆ. ವಿಂಡೋಸಿನ ಬೇರೆ ಬೇರೆ ಭಾಗಗಳು ಒಂದಕ್ಕೊಂದು ಮಾತಾಡುವುದು ಇದರ ಮೂಲಕ. ಹೊರಗಿನ ಕಂಪ್ಯೂಟರುಗಳಿಂದ ಬರುವ ಕೋರಿಕೆಗಳನ್ನೂ ಇದು 135ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಕೇಳಿಸಿಕೊಳ್ಳುತ್ತದೆ. ಹಳೆಯ ಎಕ್ಸ್‌ಪಿ ಮತ್ತು ವಿಂಡೋಸ್ 2000ದಲ್ಲಿ ಒಂದು ದೋಷ ಇತ್ತು. ಆ ಪೋರ್ಟಿಗೆ ಅಳತೆ ಮೀರಿದ ಒಂದು ಸಂದೇಶ ಕಳಿಸಿದರೆ ಅದು ಮೀಸಲಿಟ್ಟ ಜಾಗ ದಾಟಿ ಹರಿದು, ಕಳಿಸಿದವನ ಕೋಡ್ ನಿಮ್ಮ ಯಂತ್ರದಲ್ಲಿ ಓಡುತ್ತಿತ್ತು. ಹುಳ ಹೀಗೆ ಒಳಗೆ ಕಾಲಿಟ್ಟು, 4444ನೇ ಪೋರ್ಟಿನಲ್ಲಿ ಆಜ್ಞೆ ಕೊಡುವ ದಾರಿ ತೆರೆದು, 'ಇಗೋ, ನನ್ನ ಹತ್ತಿರದಿಂದ ಈ ಫೈಲ್ ತಗೋ' ಎಂದು ಹೇಳುತ್ತಿತ್ತು. ಬರುತ್ತಿದ್ದ ಫೈಲಿನ ಹೆಸರು ಎಂಎಸ್‌ಬ್ಲಾಸ್ಟ್ ಡಾಟ್ ಇಎಕ್ಸ್‌ಇ. ಗಾತ್ರ ಬರೀ 6,176 ಬೈಟ್. ನಿಮ್ಮ ಸಂಚಿಕೆಯ ಒಂದು ಲೇಖನದ ಫೈಲ್ ಇದಕ್ಕಿಂತ ದೊಡ್ಡದಿರುತ್ತದೆ.

ಈಗ ಮುಖ್ಯವಾದ ಮಾತು. ಕಂಪ್ಯೂಟರನ್ನು ಆಫ್ ಮಾಡುವುದು ಈ ಹುಳದ ಉದ್ದೇಶವೇ ಅಲ್ಲ. ಎದುರಿಗಿರುವುದು ಎಕ್ಸ್‌ಪಿಯೋ 2000ವೋ ಅದಕ್ಕೆ ಗೊತ್ತಾಗುವುದಿಲ್ಲ. ಅದು ಊಹೆ ಮಾಡುತ್ತದೆ. 100ರಲ್ಲಿ 80 ಸಲ ಎಕ್ಸ್‌ಪಿ ಅಂದುಕೊಳ್ಳುವಂತೆ, 20 ಸಲ 2000 ಅಂದುಕೊಳ್ಳುವಂತೆ ಅದನ್ನು ಬರೆದಿದ್ದರು. ಊಹೆ ತಪ್ಪಿದಾಗ ಹುಳ ಒಳಗೆ ಬರುವುದಿಲ್ಲ, ಆದರೆ ಏಟು ತಿಂದ ಆರ್‌ಪಿಸಿ ಸರ್ವಿಸ್ ಸತ್ತುಬೀಳುತ್ತದೆ. ಅದು ಸತ್ತರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು ಎಂದು ವಿಂಡೋಸಿಗೆ ಮೊದಲೇ ಹೇಳಿಟ್ಟಿದೆ. ನಿಮಗೆ ಕಾಣುವ ಬಾಕ್ಸ್ ಅದೇ.

ಹಾಗಾಗಿ ನಿಮ್ಮ ಯಂತ್ರದಲ್ಲಿ ಹುಳ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಹುಡುಕಿದರೆ ಏನೂ ಸಿಗದೆ, ಆದರೂ ದಿನವಿಡೀ ರೀಸ್ಟಾರ್ಟ್ ಆಗುತ್ತಿರುವುದು ಸಾಧ್ಯ. ರಿಪೇರಿಯವರು ದಾರಿ ತಪ್ಪುವುದು ಇಲ್ಲೇ. ಆಂಟಿವೈರಸ್ ಓಡಿಸುತ್ತಾರೆ, ಏನೂ ಕಾಣುವುದಿಲ್ಲ, ಹಾಗಾದರೆ ಹಾರ್ಡ್‌ವೇರ್ ಅನ್ನುತ್ತಾರೆ.

2003ರಲ್ಲಿ ನಡೆದದ್ದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಹುಡುಗ ನಿಮ್ಮ ಕಂಪ್ಯೂಟರನ್ನು ಆ ಕಾಲಕ್ಕೇ ಕರೆದುಕೊಂಡು ಹೋಗಿದ್ದಾನೆ. ಈ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಕೊಟ್ಟದ್ದು 2003ರ ಜುಲೈ 16ರಂದು, ಹುಳ ಬರುವುದಕ್ಕೂ ಮೊದಲೇ. ನಿಮ್ಮ ಮೊದಲಿನ ವಿಂಡೋಸಿನಲ್ಲಿ ಅದು ಇದ್ದಿರಬೇಕು. ಫಾರ್ಮ್ಯಾಟ್ ಮಾಡಿದಾಗ ಅದೂ ಹೋಯಿತು. ಹಳೆಯ ಸಿಡಿಯಲ್ಲಿ ಪ್ಯಾಚ್ ಇಲ್ಲ, ಹೊರಗಿನವರನ್ನು ತಡೆಯುವ ಫೈರ್‌ವಾಲ್ ಇದ್ದರೂ ತಾನಾಗಿ ಆನ್ ಇರುವುದಿಲ್ಲ. ನೋಡಬೇಕಾದರೆ ಮೈ ಕಂಪ್ಯೂಟರ್ ಮೇಲೆ ಬಲಗಡೆ ಬಟನ್ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಸರ್ವಿಸ್ ಪ್ಯಾಕ್ (ಪ್ಯಾಚುಗಳ ದೊಡ್ಡ ಕಟ್ಟು) ಎಂಬ ಸಾಲೇ ಇಲ್ಲದಿದ್ದರೆ, ಅಥವಾ ಸರ್ವಿಸ್ ಪ್ಯಾಕ್ 1 ಎಂದಿದ್ದರೆ ನನ್ನ ಅನುಮಾನ ಸರಿ.

ಇನ್ನು ಹುಳ ಎಲ್ಲಿಂದ ಬಂತು? ನಮ್ಮ ಕಡೆಯ ಕೇಬಲ್‌ವಾಲಾ ಇಂಟರ್ನೆಟ್ ಹೇಗಿರುತ್ತದೆ ನಿಮಗೇ ಗೊತ್ತು. ಸೊಸೈಟಿಯ ಟೆರೇಸಿನಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಸ್ವಿಚ್, ಅಲ್ಲಿಂದ ಮನೆ ಮನೆಗೆ ತಂತಿ, ಪಕ್ಕದ ಬಿಲ್ಡಿಂಗಿಗೂ ಒಂದು ತಂತಿ. ಈಗ ಫೈಬರ್ ಬಂದು ಎಷ್ಟೋ ಕಡೆ ಇದು ಹೋಗಿದೆ, ಆದರೆ ಎಲ್ಲ ಕಡೆ ಹೋಗಿಲ್ಲ. ಹೀಗೆ ಕಟ್ಟಿದ ಲೈನಿನಲ್ಲಿ ಹತ್ತಾರು ಮನೆ, ಅಂಗಡಿ, ಕ್ಲಿನಿಕ್ಕುಗಳ ಕಂಪ್ಯೂಟರುಗಳು ಒಂದೇ ನೆಟ್‌ವರ್ಕಿನಲ್ಲಿ ಇರಬಹುದು. ದೊಡ್ಡ ಕಂಪನಿಗಳು ಹೊರಗಿನಿಂದ 135, 445ನೇ ಪೋರ್ಟಿಗೆ ಬರುವುದನ್ನು ತಡೆದಿಟ್ಟಿದ್ದರೂ ಒಂದೇ ಸ್ವಿಚ್ಚಿನೊಳಗೆ ಓಡಾಡುವುದನ್ನು ಯಾರು ನೋಡುತ್ತಾರೆ? ಯಾವುದೋ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಹಳೆಯ ವಿಂಡೋಸ್ ಹಾಕಿಕೊಂಡು ಹಗಲಿರುಳು ಆನ್ ಇದ್ದರೆ, ಅದರೊಳಗಿನ ಹುಳ ಅಕ್ಕಪಕ್ಕದವರನ್ನು ತಟ್ಟುತ್ತಲೇ ಇರುತ್ತದೆ. ಹೊಸ ವಿಂಡೋಸ್ ಇರುವವರಿಗೆ ಅದು ಗೊತ್ತೂ ಆಗುವುದಿಲ್ಲ. ನಿಮಗೆ ಗೊತ್ತಾಯಿತು, ಅಷ್ಟೇ.

ಆದ್ದರಿಂದ ಹುಳವನ್ನು ಅಳಿಸುವುದು ಇಲ್ಲಿ ಚಿಕ್ಕ ಕೆಲಸ. ದೋಷ ಮುಚ್ಚುವುದು ದೊಡ್ಡದು, ಮತ್ತು ಅದು ಆಗುವ ತನಕ ಇಂಟರ್ನೆಟ್ ತಂತಿ ಚುಚ್ಚಬಾರದು. ಮುಚ್ಚದೆ ಅಳಿಸಿದರೆ ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಬ್ಲಾಸ್ಟರ್ ಬಂದ ಆ ಆಗಸ್ಟಿನಲ್ಲಿ ಊರಿಗೆ ಊರೇ ಇದನ್ನೇ ಮಾಡಿತು. ಫಾರ್ಮ್ಯಾಟ್ ಮಾಡುವುದು, ಇಂಟರ್ನೆಟ್ ಹಾಕಿ ಪ್ಯಾಚ್ ಇಳಿಸಲು ಕೂರುವುದು, ಡಯಲಪ್‌ನಲ್ಲಿ ಅದು ಇಳಿದು ಮುಗಿಯುವ ಮೊದಲೇ ಹುಳ ಮತ್ತೆ ಬರುವುದು. ಒಂದೊಂದು ಫಾರ್ಮ್ಯಾಟಿಗೂ ಗಿರಾಕಿ ದುಡ್ಡು ಕೊಡುತ್ತಿದ್ದ.

ನಿಮ್ಮ ಕೆಲಸ ಫೈಲುಗಳಿಂದ ಶುರುವಾಗಲಿ. ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಸಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊಸ ಲ್ಯಾಪ್‌ಟಾಪಿಗೆ ಚುಚ್ಚಿ ಡಿ ಡ್ರೈವ್ ಪೂರ್ತಿ ಕಾಪಿ ಮಾಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ. ಆ ಅಡಾಪ್ಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದರೆ ಸಿಗುತ್ತದೆ, ಆನ್‌ಲೈನಿನಲ್ಲೂ ಇದೆ. ಕೊಳ್ಳುವ ಮೊದಲು ಡಿಸ್ಕಿನ ಹಿಂಭಾಗ ನೋಡಿ. ಅಗಲವಾದ ಪಟ್ಟಿ ತಂತಿ ಇದ್ದರೆ ಐಡಿಇ, ಸಣ್ಣದಿದ್ದರೆ ಸಾಟಾ. ಎರಡಕ್ಕೂ ಆಗುವ ಅಡಾಪ್ಟರ್ ಇದೆ, ಅದನ್ನೇ ತಗೊಳ್ಳಿ. ಹೀಗೆ ಮಾಡಿದರೆ ಹಳೆಯ ವಿಂಡೋಸನ್ನು ಆನ್ ಮಾಡುವ ಅಗತ್ಯವೇ ಇಲ್ಲ. ಲ್ಯಾಪ್‌ಟಾಪಿನ ಆಂಟಿವೈರಸ್‌ನಿಂದ ಆ ಡಿಸ್ಕನ್ನು ಅದೇ ಹೊತ್ತಿಗೆ ಸ್ಕ್ಯಾನ್ ಕೂಡ ಮಾಡಬಹುದು. ಈಗಿನ ಆಂಟಿವೈರಸ್‌ಗಳು ಹೆಚ್ಚಿನವು ಎಕ್ಸ್‌ಪಿಯಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ, ಅಲ್ವಾ?

ಪೆನ್ ಡ್ರೈವಿನಲ್ಲೂ ಕಾಪಿ ಮಾಡಬಹುದು. ಆದರೆ ಸರ್ವಿಸ್ ಪ್ಯಾಕ್ ಇಲ್ಲದ ಎಕ್ಸ್‌ಪಿಗೆ ಯುಎಸ್‌ಬಿ 2 ಗೊತ್ತಿಲ್ಲ, ತುಂಬಾ ನಿಧಾನ. ಅದಕ್ಕೆ 137 ಜಿಬಿಗಿಂತ ದೊಡ್ಡ ಡಿಸ್ಕನ್ನು ಸರಿಯಾಗಿ ನಿಭಾಯಿಸುವುದೂ ಗೊತ್ತಿಲ್ಲ, ಇದ್ದ ಫೈಲುಗಳ ಮೇಲೆಯೇ ಬರೆದು ಹಾಳು ಮಾಡಬಹುದು. ನಿಮ್ಮದು 80 ಜಿಬಿ ಎಂದು ಬರೆದಿದ್ದೀರಿ, ಬಚಾವ್.

ಬ್ಲಾಸ್ಟರ್ ಡಾಕ್ಯುಮೆಂಟ್‌ಗಳನ್ನು ಅಳಿಸುವುದೂ ಇಲ್ಲ, ಕದಿಯುವುದೂ ಇಲ್ಲ. ಅದರ ಗುರಿ ಬೇರೆ ಇತ್ತು. 2003ರ ಆಗಸ್ಟ್ 16ರಿಂದ ಎಲ್ಲ ಯಂತ್ರಗಳೂ ಸೇರಿ ಮೈಕ್ರೋಸಾಫ್ಟಿನ ಅಪ್‌ಡೇಟ್ ಸೈಟಿನ ಮೇಲೆ ಮುಗಿಬೀಳಬೇಕು ಎಂದು ಬರೆದಿದ್ದರು. ಬರೆದವನು ಹಾಕಿದ್ದ ವಿಳಾಸ ನಿಜವಾದ ಸೈಟಿಗೆ ಕಳಿಸಿಕೊಡುವ ಇನ್ನೊಂದು ಹೆಸರು ಮಾತ್ರ. ಮೈಕ್ರೋಸಾಫ್ಟ್ ಆ ಹೆಸರನ್ನೇ ತೆಗೆದುಹಾಕಿತು, ಕಥೆ ಮುಗಿಯಿತು. ಇದರ ಒಂದು ಮರಿ ತಳಿಯನ್ನು ಬಿಟ್ಟ ಅಮೆರಿಕದ ಮಿನೆಸೋಟದ 18 ವರ್ಷದ ಹುಡುಗ ಸಿಕ್ಕಿಬಿದ್ದ, 2005ರಲ್ಲಿ 18 ತಿಂಗಳ ಶಿಕ್ಷೆಯಾಯಿತು.

ಫೈಲು ಕಾಪಿಯಾದ ಮೇಲೆ ಡಿಸ್ಕ್ ವಾಪಸ್ ಹಾಕಿಸಿ, ಇಂಟರ್ನೆಟ್ ತಂತಿ ಇಲ್ಲದೆಯೇ ಆನ್ ಮಾಡಿ. ಮೊದಲು ಫೈರ್‌ವಾಲ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯಿರಿ. ಲೋಕಲ್ ಏರಿಯಾ ಕನೆಕ್ಷನ್ ಮೇಲೆ ಬಲಗಡೆ ಬಟನ್, ಪ್ರಾಪರ್ಟೀಸ್, ಅಡ್ವಾನ್ಸ್‌ಡ್. ಅಲ್ಲಿ ಫೈರ್‌ವಾಲ್ ಎಂಬ ಜಾಗದಲ್ಲಿ ಒಂದೇ ಒಂದು ಚೌಕ ಇದೆ, ಟಿಕ್ ಹಾಕಿ ಓಕೆ ಕೊಡಿ. ಕೇಬಲ್‌ವಾಲಾ ಲಾಗಿನ್‌ಗೆಂದು ಬೇರೆ ಕನೆಕ್ಷನ್ ಮಾಡಿಟ್ಟಿದ್ದರೆ ಅದಕ್ಕೂ ಟಿಕ್ ಹಾಕಬೇಕು. ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ.

ಈಗ ಹುಳ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸಸ್ ಪಟ್ಟಿ ನೋಡಿ. ಎಂಎಸ್‌ಬ್ಲಾಸ್ಟ್, ಟೀಕಿಡ್ಸ್, ಎಂಎಸ್‌ಲಾಫ್ (mslaugh), ಎನ್‌ಬಿಯೈ (enbiei) ಇವುಗಳಲ್ಲಿ ಯಾವುದಾದರೂ ಇದ್ದರೆ ಅದರ ಮೇಲೆ ಒತ್ತಿ ಎಂಡ್ ಪ್ರೊಸೆಸ್ ಕೊಡಿ. ಆಮೇಲೆ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32 ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲ್ ಹುಡುಕಿ ಅಳಿಸಿ. ಕೊನೆಗೆ ಸ್ಟಾರ್ಟ್, ರನ್ ತೆರೆದು ರೆಜ್‌ಎಡಿಟ್ (regedit) ಎಂದು ಬರೆದು ಎಂಟರ್ ಒತ್ತಿ. ಎಡಗಡೆ ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ರನ್ ಎಂದು ಇಳಿಯುತ್ತಾ ಹೋಗಿ. ಬಲಗಡೆ 'ವಿಂಡೋಸ್ ಆಟೋ ಅಪ್‌ಡೇಟ್' ಎಂಬ ಸಾಲು ಇದ್ದು ಅದರ ಎದುರಿಗೆ ಎಂಎಸ್‌ಬ್ಲಾಸ್ಟ್ ಎಂದಿದ್ದರೆ ಆ ಒಂದು ಸಾಲನ್ನು ಮಾತ್ರ ಅಳಿಸಿ. ಹೆಸರು ನೋಡಿದರೆ ಸಾಚಾ ಅನ್ನಿಸುತ್ತದೆ, ಅದಕ್ಕೇ ಆ ಹೆಸರಿಟ್ಟದ್ದು. ಮರಿ ತಳಿಗಳಲ್ಲಿ ಸಾಲಿನ ಹೆಸರು ಬೇರೆ ಇರಬಹುದು, ಎದುರಿಗಿರುವ ಫೈಲಿನ ಹೆಸರು ನೋಡಿ ಗುರುತಿಸಿ. ಬೇರೆ ಯಾವ ಸಾಲನ್ನೂ ಮುಟ್ಟಬೇಡಿ. ಸಿಸ್ಟಮ್ ರಿಸ್ಟೋರ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಅಲ್ಲಿ ಉಳಿದ ನಕಲೂ ಹೋಗುತ್ತದೆ.

ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಎಸ್‌ವಿಸಿಹೋಸ್ಟ್ ಎಂಬುದು ನಾಲ್ಕೈದು ಸಲ ಕಾಣುತ್ತದೆ. ಗಾಬರಿಯಾಗಿ ಅದನ್ನು ಅಳಿಸಬೇಡಿ, ಅದು ವಿಂಡೋಸಿನದೇ. ಅದೇ ಹೆಸರಿನ ಫೈಲ್ ಸಿಸ್ಟಮ್32ರ ಒಳಗೆ 'ವಿನ್ಸ್' ಎಂಬ ಫೋಲ್ಡರಿನಲ್ಲಿ ಕೂತಿದ್ದರೆ ಮಾತ್ರ ಅನುಮಾನ ಪಡಬೇಕು. ಅದು ವೆಲ್ಚಿಯಾ ಎಂಬ ಇನ್ನೊಂದು ಹುಳ ತಂದಿಟ್ಟದ್ದು. ಬ್ಲಾಸ್ಟರ್ ಬಂದ ಒಂದು ವಾರಕ್ಕೆ ಯಾರೋ ಪುಣ್ಯಾತ್ಮರು ಆ ಹುಳವನ್ನು ಬಿಟ್ಟರು. ಅದು ಅದೇ ದೋಷದಿಂದ ಒಳಗೆ ಬಂದು, ಬ್ಲಾಸ್ಟರನ್ನು ಅಳಿಸಿ, ಮೈಕ್ರೋಸಾಫ್ಟಿನ ಪ್ಯಾಚ್ ಇಳಿಸಿ ಹಾಕುತ್ತಿತ್ತು! ಉಪಕಾರವೇ ಅನ್ನಿಸುತ್ತದೆ. ಆದರೆ ಮುಂದಿನ ಕಂಪ್ಯೂಟರ್ ಹುಡುಕಲು ಅದು ಎಷ್ಟು ಪಿಂಗ್ ('ಇದ್ದೀಯಾ' ಎಂದು ಕೇಳುವ ಸಂದೇಶ) ಕಳಿಸುತ್ತಿತ್ತು ಎಂದರೆ ಆಫೀಸುಗಳ ನೆಟ್‌ವರ್ಕೇ ಕುಸಿದುಬಿಡುತ್ತಿತ್ತು. ಕೇಳದೆ ಮನೆಯೊಳಗೆ ಬಂದು ಕಸ ಗುಡಿಸುವವರನ್ನೂ ನಾನು ನಂಬುವುದಿಲ್ಲ.

ತಂತಿ ಚುಚ್ಚಿದ್ದಾಗ ಬಾಕ್ಸ್ ಬಂದು ಎಣಿಕೆ ಶುರುವಾದರೆ ತಂತಿ ಕಿತ್ತು, ಸ್ಟಾರ್ಟ್, ರನ್ ತೆರೆದು, ಇಂಗ್ಲಿಷಿನಲ್ಲಿ ಶಟ್‌ಡೌನ್ ಎಂದು ಒಂದೇ ಪದವಾಗಿ ಬರೆದು, ಒಂದು ಸ್ಪೇಸ್ ಬಿಟ್ಟು, ಅಡ್ಡಗೆರೆ (-) ಮತ್ತು ಎ ಅಕ್ಷರ ಅಂಟಿಸಿ ಬರೆದು ಎಂಟರ್ ಒತ್ತಿ. ಎಣಿಕೆ ನಿಲ್ಲುತ್ತದೆ. ಇದು ಮದ್ದಲ್ಲ, ಕೆಲಸ ಸೇವ್ ಮಾಡಿಕೊಳ್ಳಲು ಸಿಗುವ ಸಮಯ. ಆರ್‌ಪಿಸಿ ಸತ್ತಿರುವುದರಿಂದ ಕಾಪಿ ಪೇಸ್ಟ್ ಕೂಡ ಸರಿಯಾಗಿ ಆಗದಿರಬಹುದು. ಸೇವ್ ಮಾಡಿ, ನೀವೇ ರೀಸ್ಟಾರ್ಟ್ ಮಾಡಿ.

ಉಳಿದದ್ದು ಪ್ಯಾಚ್. ಸರ್ವಿಸ್ ಪ್ಯಾಕ್ 3 ಹಾಕಿಸಿದರೆ ಬ್ಲಾಸ್ಟರಿನ ದೋಷವೂ ಮುಚ್ಚುತ್ತದೆ, 2004ರ ಸಾಸರ್ ಎಂಬ ಹುಳದ್ದೂ ಮುಚ್ಚುತ್ತದೆ. ಸಾಸರ್ ಕೂಡ ಹೀಗೇ 60 ಸೆಕೆಂಡ್ ಎಣಿಸುತ್ತಿತ್ತು, ಆದರೆ ಬಾಕ್ಸಿನಲ್ಲಿ ಎಲ್‌ಎಸ್ಎಎಸ್ಎಸ್ ಎಂದು ಬರುತ್ತಿತ್ತು. ಸರ್ವಿಸ್ ಪ್ಯಾಕ್ 3 ಹಾಕುವ ಮೊದಲು 1 ಅಥವಾ 2 ಇರಲೇಬೇಕು, ಬೋಳು ಎಕ್ಸ್‌ಪಿ ಮೇಲೆ ಅದು ಕೂರುವುದಿಲ್ಲ. ಹಳೆಯ ರಿಪೇರಿಯವರ ಹತ್ತಿರ ಎರಡೂ ಫೈಲ್ ಇರುತ್ತವೆ. ತಂದ ಫೈಲಿನ ಪ್ರಾಪರ್ಟೀಸ್ ತೆರೆದು ಡಿಜಿಟಲ್ ಸಿಗ್ನೇಚರ್ಸ್ ಎಂಬಲ್ಲಿ ಮೈಕ್ರೋಸಾಫ್ಟ್ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಹಾಕಬೇಡಿ. ಅದಾದ ಮೇಲೂ ಕೆಬಿ958644 ಮತ್ತು ಕೆಬಿ4012598 ಎಂಬ ಎರಡು ಪ್ಯಾಚ್ ಬೇಕು. ಮೊದಲನೆಯದು 2008ರ ಕಾನ್ಫಿಕರ್ ಹುಳದ ದಾರಿ ಮುಚ್ಚುತ್ತದೆ, ಎರಡನೆಯದು 2017ರ ವಾನಾಕ್ರೈ ಎಂಬ ಹುಳ ಬಳಸಿದ ದೋಷವನ್ನು. ಕಾನ್ಫಿಕರ್ ಪೆನ್ ಡ್ರೈವಿನಲ್ಲೂ ಓಡಾಡುತ್ತಿತ್ತು, ಅದಕ್ಕೆ ಬೇರೆಯವರ ಪೆನ್ ಡ್ರೈವ್ ಈ ಯಂತ್ರಕ್ಕೆ ಬೇಡ.

ಇಷ್ಟೆಲ್ಲ ಆದ ಮೇಲೂ ಇದನ್ನು ಮತ್ತೆ ಇಂಟರ್ನೆಟ್ಟಿಗೆ ಸೇರಿಸಬೇಡಿ ಎಂದೇ ನನ್ನ ಸಲಹೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿದೆ. ನೀವು ಇದನ್ನು ಇಟ್ಟುಕೊಂಡಿರುವುದು ನುಡಿಗೆ ಮತ್ತು ಹಳೆಯ ಫೈಲುಗಳಿಗೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಮೇಲ್, ವಿಡಿಯೋ ಕಾಲ್‌ಗೆ ಲ್ಯಾಪ್‌ಟಾಪ್ ಅಥವಾ ಫೋನ್ ಸಾಕು. ಕೇಬಲ್‌ವಾಲಾನ ತಂತಿಯನ್ನು ಒಂದು ರೂಟರಿಗೆ ಹಾಕಿಸಿ, ಅಲ್ಲಿಂದ ವೈಫೈ ತಗೊಳ್ಳಿ. ರೂಟರ್ ಮಧ್ಯೆ ಇದ್ದರೆ ಹೊರಗಿನವರು ತಾವಾಗಿ ಒಳಗೆ ಬರುವುದು ಕಷ್ಟ.

ಸಂಚಿಕೆಗಳ ಬಗ್ಗೆ ಇನ್ನೊಂದು ಮಾತು. ಹಳೆಯ ನುಡಿ ಫೈಲುಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಅಕ್ಷರಗಳ ಬದಲು ಏನೇನೋ ಚಿಹ್ನೆ ಕಾಣಿಸುತ್ತದೆ. ಹುಳ ತಿಂದಿದೆ ಎಂದು ಹೆದರಬೇಡಿ. ಆ ಫಾಂಟ್ ಅಲ್ಲಿ ಇಲ್ಲ, ಅಷ್ಟೇ. 'ನುಡಿ 01 ಇ' ಮುಂತಾದ ಫಾಂಟ್ ಫೈಲುಗಳನ್ನೂ ಜೊತೆಗೇ ಕಾಪಿ ಮಾಡಿಕೊಂಡು ಲ್ಯಾಪ್‌ಟಾಪಿಗೆ ಹಾಕಿ. ಆಮೇಲೆ ನಿಧಾನವಾಗಿ, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಾಯಿಸಿ. ನುಡಿಯ ಹೊಸ ಆವೃತ್ತಿಯಲ್ಲೂ 'ಬರಹ' ತಂತ್ರಾಂಶದಲ್ಲೂ ಅದಕ್ಕೆ ಪರಿವರ್ತಕ ಇದೆ. ಬದಲಾಯಿಸಿದ್ದನ್ನು ಒಮ್ಮೆ ಓದಿ ನೋಡಬೇಕು, ಅರ್ಕಾವತ್ತು ಮತ್ತು ಒತ್ತಕ್ಷರಗಳು ಅಲ್ಲಲ್ಲಿ ಎಡವುತ್ತವೆ. ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣು ನಿಮ್ಮದು, ನನಗಿಂತ ಚೆನ್ನಾಗಿ ಹಿಡಿಯುತ್ತೀರಿ.

ತಂತಿ ಕಿತ್ತ ಮೇಲೂ ಆ ಬಾಕ್ಸ್ ಬಂದರೆ ಮೇಲಿನದು ಯಾವುದನ್ನೂ ಮಾಡಬೇಡಿ. ಫೋನಿನಲ್ಲಿ ಬಾಕ್ಸಿನ ಫೋಟೋ ತೆಗೆದು, ಅದರಲ್ಲಿರುವ ಪೂರ್ತಿ ಒಕ್ಕಣೆ ನನಗೆ ಕಳಿಸಿ.